ಬೆಳಿಗ್ಗೆ ಹೋದವರು ಸಂಜೆಗೇ ಬಂದರು

ಫೋನು ಬಂದಾಗ ಬಚ್ಚಲುಮನೆಯ ಹಳೆಯ ನೆಲದ ಕೊನೆಯ ಕಲ್ಲನ್ನೂ ಊರವರು ಗಡಿಬಿಡಿ ಎಂದು ಕರೆಯುವ ಮೇಸ್ತ್ರಿ ಎಬ್ಬಿಸಿ ಆಗಿತ್ತು. ಮನೆಯಾಕೆ ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ಬಾಂಡ್ಲಿಗೆ ಮಣ್ಣು ತುಂಬುತ್ತಿದ್ದಳು. ಸಂಜೆ ಐದು ಗಂಟೆ ಇರಬಹುದು.

"ಅಮ್ಮಾ, ಅಪ್ಪನ್ನ ಮನೆಗೆ ಕರ್ಕೊಂಡ್ ಬರ್ತಿದೀನಿ" ಅಂದ ಮಗ.

ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟ ಗಂಡ. ಎಂಟಕ್ಕೆ ಆಪರೇಷನ್ನು. ಹೊಟ್ಟೆ ಕೊಯ್ದವರನ್ನು ಅದೇ ದಿನ ಸಂಜೆ ಮನೆಗೆ ಕಳಿಸುತ್ತಾರೆ ಎಂದರೆ ಅದಕ್ಕೆ ಒಂದೇ ಒಂದು ಅರ್ಥ ಅವಳಿಗೆ ತಿಳಿದಿದ್ದದ್ದು. ಫೋನು ಹಿಡಿದೇ ಸಿಮೆಂಟ್ ಚೀಲದ ಮೇಲೆ ಕುಸಿದಳು.

"ಏನಾಯ್ತೋ? ಜೀವ ಇದೆಯೇನೋ?"

"ಅಯ್ಯೋ ಅಮ್ಮ, ಏನ್ ಮಾತಾಡ್ತೀಯ! ಆರಾಮಾಗಿ ಕೂತು ಬಿಸ್ಕತ್ತು ತಿಂತಿದಾರೆ. ಎರಡು ಸಲ ನಡೆಸಿದ್ರು, ನಡೆದ್ರು. ಮನೆಗೆ ಹೋಗಬಹುದು ಅಂದ್ರು. ಅರ್ಧ ಗಂಟೇಲಿ ಬರ್ತೀವಿ, ಹಾಸಿಗೆ ಹಾಕಿರು."

ಹೋದ ಜೀವ ಬಂದಂತಾಯಿತು. ಆದರೆ ಬಂದ ಜೀವ ನೆಟ್ಟಗೆ ನಿಲ್ಲುವ ಮೊದಲೇ ಅವಳ ಕಣ್ಣು ಬಚ್ಚಲಿನತ್ತ ಹೊರಳಿತು. ಅಲ್ಲಿ ಬಚ್ಚಲೇ ಇರಲಿಲ್ಲ. ಇದ್ದದ್ದು ಒಂದು ಹೊಂಡ, ಮುರಿದ ಪೈಪಿನ ತುಂಡು, ಮೊಣಕಾಲೆತ್ತರದ ಕಲ್ಲಿನ ರಾಶಿ.

"ಅರ್ಧ ಗಂಟೇಲಿ ಬರ್ತಾರಂತೆ" ಎಂದಳು.

"ಯಾರು?" ಎಂದ ಗಡಿಬಿಡಿ.

"ಇನ್ಯಾರು? ನಿನ್ನ ಮೇಸ್ತ್ರಿ."

ಗಡಿಬಿಡಿಯ ಕೈಯಲ್ಲಿದ್ದ ಸುತ್ತಿಗೆ ಹಾಗೇ ನಿಂತಿತು.

ಈ ಮನೆಯ ಯಜಮಾನ ನಲವತ್ತು ವರ್ಷದಿಂದ ಟೈಲ್ಸ್ ಹಾಕುವ ಕೆಲಸದವನು. ಊರಿನ ಅರ್ಧ ಮನೆಗಳ ನೆಲ ಅವನ ಕೈಯದು. ಹೋದಲ್ಲೆಲ್ಲ ರಸಮಟ್ಟ ಹಿಡಿದೇ ಹೋಗುತ್ತಿದ್ದ. ನೆಂಟರ ಮನೆಯ ಊಟದ ಮೇಜಿನ ಮೇಲೂ ಅದನ್ನಿಟ್ಟು ಗಾಜಿನೊಳಗಿನ ಗುಳ್ಳೆ ನಡುವೆ ನಿಲ್ಲುತ್ತದೋ ಇಲ್ಲವೋ ನೋಡುವ ಆಸಾಮಿ. ಅದಕ್ಕೇ ಜನ ಅವನನ್ನು ಮಟ್ಟದ ಮೇಸ್ತ್ರಿ ಎನ್ನುತ್ತಿದ್ದರು. ಆದರೆ ದೀಪದ ಬುಡದಲ್ಲೇ ಕತ್ತಲೆ. ತನ್ನ ಮನೆಯ ಬಚ್ಚಲು ಬಿರುಕು ಬಿಟ್ಟು, ಕೂರುವ ಕಲ್ಲು ಅಲುಗಾಡುತ್ತ ಹನ್ನೊಂದು ವರ್ಷವಾಗಿತ್ತು. "ನಾನೇ ಮಾಡ್ತೀನಿ" ಎನ್ನುವುದು, ಮಾಡದೆ ಇರುವುದು. ಬೇರೆಯವರನ್ನು ಕರೆಸೋಣ ಎಂದರೆ, "ನನ್ನ ಮನೆ ನೆಲಕ್ಕೆ ಇನ್ನೊಬ್ಬನ ಕರಣೆ ತಾಗಿದ ದಿನ ನಾನು ಸತ್ತೆ ಅಂದ್ಕೊ" ಎಂದುಬಿಡುತ್ತಿದ್ದ.

ಈ ವರ್ಷ ಅವನು ಮೂತ್ರಕ್ಕೆಂದು ರಾತ್ರಿ ಐದಾರು ಸಲ ಏಳತೊಡಗಿದ್ದ. ಮೊಣಕಾಲು ನೋವು ಬೇರೆ. ಒಂದು ದಿನ ನಲ್ಲಿ ಹಿಡಿದು ಮೇಲೇಳಲು ಹೋಗಿ ನಲ್ಲಿಯೇ ಕಿತ್ತು ಕೈಗೆ ಬಂತು. ಪ್ರಾಸ್ಟೇಟ್ ಗ್ರಂಥಿ ಊದಿದೆ, ಸಣ್ಣ ಆಪರೇಷನ್ನು ಎಂದು ಗಂಡ ಹೇಳಿದಾಗ ಅವಳಿಗೆ ಹೊಳೆದದ್ದೇ ಇದು: ಆಸ್ಪತ್ರೆಯಲ್ಲಿ ಎಂಟು ದಿನವಾದರೂ ಇರುತ್ತಾರೆ, ತನ್ನ ಅಪ್ಪನನ್ನು ಹನ್ನೊಂದು ದಿನ ಇಟ್ಟುಕೊಂಡಿರಲಿಲ್ಲವೇ? ಅಷ್ಟರಲ್ಲಿ ಹಳೆಯದನ್ನು ಒಡೆಸಿ, ಎತ್ತರದ ಕಮೋಡು ಕೂರಿಸಿ, ಹೊಸ ನೆಲ ಹಾಕಿಸಿಬಿಟ್ಟರೆ ಆಯಿತು. ಬಂದ ಮೇಲೆ ಬೈಯಲಿ, ಕಮೋಡಿನ ಮೇಲೆ ಕೂತೇ ಬೈಯಲಿ.

ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವ ಸೊಸೆ ಈ ಪಿತೂರಿಯಲ್ಲಿ ಪಾಲುದಾರಳು. ಶಾಲಾ ಬಸ್ ಓಡಿಸುವ ಮಗನಿಗೆ ಮಾತ್ರ ಇಬ್ಬರೂ ಹೇಳಲಿಲ್ಲ. ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಅಪ್ಪನಿಗೆ ಊದಿಬಿಡುತ್ತಾನೆ ಎಂಬ ಭಯ. ಊರಿನ ಬೇರೆ ಯಾವ ಮೇಸ್ತ್ರಿಯೂ ಮಟ್ಟದ ಮೇಸ್ತ್ರಿಯ ಮನೆಗೆ ಕೈ ಹಾಕಲು ಒಪ್ಪದಿದ್ದಾಗ ಅವಳು ಗಡಿಬಿಡಿಯ ಬಾಗಿಲು ತಟ್ಟಿದಳು. ಅವನು ಹಿಂದೊಮ್ಮೆ ಮೇಸ್ತ್ರಿಯ ಶಿಷ್ಯನಾಗಿದ್ದವನು. ಇಳಿಜಾರು ಬೆರಳಗಲ ತಪ್ಪಿತೆಂದು ಹಾಕಿದ ನೆಲವನ್ನೆಲ್ಲ ಅವನ ಕೈಯಿಂದಲೇ ಒಡೆಸಿದ್ದ ಗುರು. ಅಂದು ಮುನಿಸಿಕೊಂಡು ಹೋದವನು ಇಪ್ಪತ್ತು ವರ್ಷ ಈ ಹೊಸಿಲು ತುಳಿದಿರಲಿಲ್ಲ.

ಅರ್ಧ ಗಂಟೆ ಎಂದವರು ಇಪ್ಪತ್ತೇ ನಿಮಿಷಕ್ಕೆ ಬಂದರು. ಯಜಮಾನ ನಡೆದುಕೊಂಡೇ ಒಳಗೆ ಬಂದ. ಒಂದು ಕೈ ಮಗನ ಹೆಗಲ ಮೇಲೆ, ಇನ್ನೊಂದು ಕೈಯಲ್ಲಿ ಬಟ್ಟೆಯ ಚೀಲ. ಸಡಿಲ ಪೈಜಾಮದೊಳಗಿಂದ ಬಂದ ಸಣ್ಣ ಕೊಳವೆಯೊಂದು ಅದರೊಳಗಿದ್ದ ಮೂತ್ರದ ಚೀಲಕ್ಕೆ ಇಳಿದಿತ್ತು. ಮುಖ ಬೂದಿ ಬಣ್ಣ. ಅವನು ಕಲ್ಲಿನ ರಾಶಿ ನೋಡಿದ, ಪಡಸಾಲೆಯಲ್ಲಿ ರಟ್ಟಿನ ಪೆಟ್ಟಿಗೆಯೊಳಗೆ ಕೂತಿದ್ದ ಕಮೋಡು ನೋಡಿದ, ಕೊನೆಗೆ ಇಂಗು ತಿಂದ ಮಂಗನ ಹಾಗೆ ನಿಂತಿದ್ದ ಗಡಿಬಿಡಿಯನ್ನು ನೋಡಿದ.

"ಆ ಸುತ್ತಿಗೆ ನಂದು" ಎಂದ.

"ಹೌದು ಮೇಸ್ತ್ರಿ. ನನ್ನದರ ಹಿಡಿ ಮುರೀತು."

"ಹೋಗೋವಾಗ ತೊಳೆದಿಡು."

ಅಷ್ಟೇ. ಮೆಲ್ಲಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಬೈಗುಳಕ್ಕೆ ಉತ್ತರವನ್ನು ವಾರದ ಹಿಂದೆಯೇ ಸಿದ್ಧ ಮಾಡಿಟ್ಟುಕೊಂಡಿದ್ದಳು.

ಅಡುಗೆಮನೆಯಲ್ಲಿ ಅವಳು ಮಗನ ಮೇಲೆ ಬಿದ್ದಳು. "ಹೊಟ್ಟೆ ಕೊಯ್ದವರನ್ನ ಯಾರಾದ್ರೂ ಸಂಜೆಗೇ ಕಳಿಸ್ತಾರೇನೋ?"

"ಕೊಯ್ದಿಲ್ಲಮ್ಮ. ಆರು ಸಣ್ಣ ತೂತು, ಅಷ್ಟೇ. ರೋಬೋಟು ಮಾಡಿದ್ದು."

"ರೋಬೋಟು ಮಾಡ್ತಂತೆ! ಡಾಕ್ಟರು ಎಲ್ಲಿ ಹಾಳಾಗಿ ಹೋಗಿದ್ರು?"

"ಅಲ್ಲೇ ಪಕ್ಕದಲ್ಲಿ ಕೂತು ನಡೆಸಿದ್ರು. ನಾನು ಸ್ಟೇರಿಂಗ್ ಹಿಡಿದ್ರೆ ತಾನೇ ಬಸ್ಸು ತಿರುಗೋದು, ಹಾಗೆ. ರಕ್ತ ಹೆಚ್ಚು ಹೋಗಲ್ಲ, ಅದಕ್ಕೇ ಬೇಗ ಕಳಿಸ್ತಾರೆ. ಮೊದಲೇ ಹೇಳಿದ್ರು."

"ಯಾರಿಗೆ ಹೇಳಿದ್ರು?"

ಮಗ ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಸೊಸೆ ಆಸ್ಪತ್ರೆಯ ಕಾಗದ ಹಿಡಿದು ಒಳಗೆ ಬಂದಳು. ದಿನಕ್ಕೆ ನೂರು ಚೀಟಿ ಓದುವ ಹುಡುಗಿ. ಈ ಒಂದು ಕಾಗದವನ್ನು ಮಾತ್ರ ಎರಡೆರಡು ಸಲ ಓದಿದ್ದಳು.

"ಅತ್ತೆ, ಕೂತ್ಕೊಳ್ಳಿ" ಎಂದಳು. "ಮಾವಂದು ಬರೀ ಊತ ಅಲ್ಲ. ಕ್ಯಾನ್ಸರು. ಗ್ರಂಥೀನೇ ಪೂರ್ತಿ ತೆಗೆದಿದಾರೆ."

ಒಲೆಯ ಮೇಲಿನ ಹಾಲು ಉಕ್ಕಿ ಹರಿಯಿತು. ಯಾರೂ ಏಳಲಿಲ್ಲ. ಅತ್ತೆಗೆ ಅಳು ಬರಲಿಲ್ಲ. ಕೊನೆಗೆ ಅವಳೇ ಎದ್ದು ಒಲೆ ಆರಿಸಿ, ಮಗನತ್ತ ತಿರುಗಿದಳು.

"ನಿಂಗೆ ಗೊತ್ತಿತ್ತಾ?"

"ಆರು ವಾರದಿಂದ. ಅಪ್ಪ ಆಣೆ ಹಾಕಿಸ್ಕೊಂಡಿದ್ರು."

ಬಾಯಿಬಡುಕ, ತೂತು ಮಡಕೆ ಎಂದು ತಾನು ಆಡಿಕೊಂಡ ಮಗ, ಇಂಥ ಬೆಂಕಿಯನ್ನು ಆರು ವಾರ ಹೊಟ್ಟೆಯಲ್ಲಿಟ್ಟುಕೊಂಡು ಎದುರಿಗೇ ಕೂತು ಉಂಡಿದ್ದ. ಅವಳು ಅವನನ್ನು ಯಾರೋ ಹೊರಗಿನವನನ್ನು ನೋಡುವಂತೆ ನೋಡಿದಳು.

ಸೊಸೆ ಸುಮ್ಮನಿರಲಿಲ್ಲ. "ಆರು ವಾರ ನನ್ನ ಪಕ್ಕದಲ್ಲೇ ಮಲಗಿ ಒಂದು ಮಾತು ಹೇಳ್ಲಿಲ್ವಲ್ಲ!"

"ನೀನು ಬಚ್ಚಲು ಒಡೆಸೋದು ಹೇಳಿದ್ಯಾ? ಒಂದು ಮಾತು ಹೇಳಿದ್ರೆ ಸಂಜೆಗೇ ಬರ್ತಾರೆ ಅಂತ ನಾನೂ ಹೇಳ್ತಿದ್ದೆ."

"ಬಚ್ಚಲೂ ಕ್ಯಾನ್ಸರೂ ಒಂದೇನಾ?"

"ಗುಟ್ಟು ಗುಟ್ಟೇ."

"ಇಬ್ರೂ ಬಾಯ್ಮುಚ್ಚಿ" ಎಂದಳು ತಾಯಿ. "ಮೊದಲು ಅವರು ಕಕ್ಕಸಿಗೆ ಎಲ್ಲಿ ಹೋಗ್ಬೇಕು, ಅದನ್ನ ಹೇಳಿ."

ಪಕ್ಕದ ಮನೆಯ ಹೊಲಿಗೆಯಾಕೆ ತನ್ನ ಬಚ್ಚಲನ್ನು ಬಿಟ್ಟುಕೊಟ್ಟಳು. ದಿನಾ ಬೆಳಿಗ್ಗೆ ಯಜಮಾನ ಬಟ್ಟೆಚೀಲ ಹಿಡಿದು, ಏನೋ ತರಕಾರಿಗೆ ಹೊರಟವನಂತೆ ಗಂಭೀರವಾಗಿ ಆ ಮನೆಗೆ ಹೋಗಿಬರುತ್ತಿದ್ದ. ಕಾಗದದಲ್ಲಿ ಬರೆದದ್ದನ್ನು ಸೊಸೆ ದಪ್ಪಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದಳು. ಕೊಳವೆ ಹತ್ತು ದಿನ ಇರುತ್ತದೆ. ನೀರು ಚೆನ್ನಾಗಿ ಕುಡಿಯಬೇಕು. ಭಾರ ಎತ್ತಬಾರದು, ತಿಣುಕಬಾರದು, ಬಗ್ಗಿ ಕೆಲಸ ಮಾಡಬಾರದು. ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಬೇಕು. ಹರಿಯುವುದು ನಿಂತರೆ ಕೂಡಲೇ ಫೋನು ಮಾಡಬೇಕು.

ಗಂಡ ಹೆಂಡತಿ ಮಾತು ಬಿಟ್ಟರು. ಅವಳು ನಾಲ್ಕು ಗಂಟೆಗೊಮ್ಮೆ ಚೀಲ ಖಾಲಿ ಮಾಡುತ್ತಿದ್ದಳು, ತುಟಿಪಿಟಕ್ಕೆನ್ನದೆ. ಗಂಜಿ ಮಾಡಿ ತಂದಿಡುತ್ತಿದ್ದಳು, ಸದ್ದಾಗುವಂತೆ ಕುಕ್ಕಿ. ಮಾತೆಲ್ಲ ಸೊಸೆಯ ಮೂಲಕ.

"ಗಂಜಿಗೆ ಉಪ್ಪು ಕಮ್ಮಿ ಅಂತ ನಿಮ್ಮತ್ತೆಗೆ ಹೇಳಮ್ಮ."

"ಉಪ್ಪು ಪಕ್ಕದಲ್ಲೇ ಇದೆ, ಕೈಗೆ ಆಪರೇಷನ್ ಆಗಿಲ್ಲ ಅಂತ ನಿಮ್ಮಾವಂಗೆ ಹೇಳು."

"ನಾನೇನು ಅಂಚೆಯವಳಾ?" ಎಂದು ಸೊಸೆ ಕೆಲಸಕ್ಕೆ ಹೊರಟುಬಿಡುತ್ತಿದ್ದಳು.

ಮೂರನೆಯ ದಿನದಿಂದ ಮನೆಯಾಕೆಯೂ ಶಾಲೆಯ ಅಡುಗೆ ಕೆಲಸಕ್ಕೆ ಮರಳಿದಳು. ನಾನೂರು ಮಕ್ಕಳ ಅನ್ನದ ಹಂಡೆ ತಿರುವುವಾಗ ಎದೆಯೊಳಗೆ ಒಂದೇ ಮಾತು ಕುದಿಯುತ್ತಿತ್ತು: ಮೂವತ್ತೆಂಟು ವರ್ಷ ಒಂದೇ ಸೂರಿನಡಿ ಬದುಕಿ ಇದನ್ನು ನನಗೆ ಹೇಳಬೇಕು ಅನ್ನಿಸಲಿಲ್ಲವಲ್ಲ. ಕ್ಯಾನ್ಸರಿಗಿಂತ ಹೆಚ್ಚಾಗಿ ಅವಳನ್ನು ಇದೇ ಕೊಂದಿತು. ಸಾಯುವ ಮಾತನ್ನೂ ಹೆಂಡತಿಗೆ ಹೇಳದ ಮನುಷ್ಯ ಇನ್ನೇನು ಹೇಳಿಯಾನು?

ಮನೆಯಲ್ಲಿ ಅವನ ಮಾತು ಉಳಿದದ್ದು ಗಡಿಬಿಡಿಯೊಡನೆ ಮಾತ್ರ. ಬಚ್ಚಲಿನ ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು, ಕುರ್ಚಿಯ ಕೆಳಪಟ್ಟಿಗೆ ಚೀಲ ಸಿಕ್ಕಿಸಿಕೊಂಡು ದಿನವಿಡೀ ಕೂತಿರುತ್ತಿದ್ದ.

"ಲೋ, ಮರಳು ಜರಡಿ ಹಿಡಿದ್ಯಾ?"

"ಹಿಡಿದೆ ಮೇಸ್ತ್ರಿ."

"ಸುಳ್ಳು. ನಂಗೆ ಕಾಣ್ತಿದೆ."

"ಕುರ್ಚಿ ಮೇಲಿಂದ ಮರಳು ಕಾಣತ್ತಾ?"

"ನಿನ್ನ ಮುಖ ಕಾಣತ್ತೆ."

ಗಡಿಬಿಡಿ ನಗುತ್ತಿದ್ದ, ಬೈಸಿಕೊಳ್ಳುತ್ತ ನೆಲ ಹಾಕುತ್ತಿದ್ದ. ಇಪ್ಪತ್ತು ವರ್ಷದ ಮುನಿಸು ಎಲ್ಲಿ ಕರಗಿತೋ ಇಬ್ಬರಿಗೂ ತಿಳಿಯಲಿಲ್ಲ.

ಆರನೆಯ ದಿನ ಮಧ್ಯಾಹ್ನ ಎರಡಕ್ಕೆ ಅವಳು ಶಾಲೆಯಿಂದ ಬಂದಳು. ಮನೆ ನಿಶ್ಶಬ್ದ. ಗಡಿಬಿಡಿ ಊಟಕ್ಕೆ ಹೋಗಿದ್ದ. ಬಾಗಿಲಲ್ಲಿ ಕುರ್ಚಿ ಖಾಲಿ. ಆದರೆ ಚೀಲ ಬಾಗಿಲ ಹಿಡಿಕೆಗೆ, ಅವಳ ಎದೆಯೆತ್ತರದಲ್ಲಿ ನೇತಾಡುತ್ತಿತ್ತು. ಅದರಿಂದ ಕೊಳವೆ ಕೆಳಗೆ, ಕೆಳಗೆ, ನೆಲದವರೆಗೆ ಇಳಿದಿತ್ತು. ಅಲ್ಲಿ ಅವಳ ಗಂಡ ನಾಲ್ಕು ಕಾಲಿನ ಮೇಲೆ ನಿಂತಿದ್ದ. ಮುಂದೆ ಹೊಸ ಟೈಲ್ಸು, ಟೈಲ್ಸಿನ ಮೇಲೆ ರಸಮಟ್ಟ. ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಏಳಲು ಆಗುತ್ತಿರಲಿಲ್ಲ ಅವನಿಗೆ.

ಆರು ದಿನದ ಮೌನ ಪಟ್ಟನೆ ಹರಿಯಿತು.

"ನೀರು ಮೇಲಕ್ಕೆ ಹರಿಯತ್ತೇನ್ರೀ?" ಎಂದು ಚೀರಿದಳು. "ನಲವತ್ತು ವರ್ಷ ಊರಿಗೆಲ್ಲ ಇಳಿಜಾರು ಹೇಳ್ಕೊಟ್ರಲ್ಲ, ನಿಮ್ಮ ಚೀಲಕ್ಕೆ ಅದು ಗೊತ್ತಿಲ್ವಾ?"

ಅವನು ತಲೆಯೆತ್ತಿ ಚೀಲ ನೋಡಿದ. ಆಗಲೇ ಅವನಿಗೂ ತಿಳಿದದ್ದು. "ಒಂದು ನಿಮಿಷ ಅಂತ ಸಿಕ್ಕಿಸಿದೆ ಕಣೇ... ಹೊಟ್ಟೆ ಬಿಗಿದಂಗಾಗ್ತಿದೆ."

ಅವಳು ಚೀಲ ಕಿತ್ತು ನೆಲಕ್ಕಿಟ್ಟಳು. ಏನೂ ಬರಲಿಲ್ಲ. ಅಂಗಡಿಗೆ ಫೋನು ಮಾಡಿದಳು, ಸೊಸೆ ಆಸ್ಪತ್ರೆಗೆ ಮಾಡಿದಳು, ಆಸ್ಪತ್ರೆಯ ನರ್ಸು ನೇರವಾಗಿ ಇವಳಿಗೇ ಮಾಡಿ ಹೇಳಿದಳು: ಕೊಳವೆ ಎಲ್ಲೂ ಮಡಚದಂತೆ ನೋಡಿ, ಚೀಲ ಕೆಳಗೇ ಇರಲಿ, ಅರ್ಧ ಗಂಟೆಯಲ್ಲಿ ಹರಿಯದಿದ್ದರೆ ಕರೆತನ್ನಿ.

ಅವನ ಕಂಕುಳಿಗೆ ಕೈ ಹಾಕಿ ಎಬ್ಬಿಸಿ ಮಂಚದ ಅಂಚಿಗೆ ಕೂರಿಸಿದಳು. ತಾನು ಕೆಳಗೆ ಚೀಲದ ಎದುರು ಕೂತಳು.

"ಯಾಕ್ರೀ ಹೇಳ್ಲಿಲ್ಲ?" ಎಂದಳು. ಚೀಲದಿಂದ ಕಣ್ಣು ಕೀಳದೆಯೇ ಕೇಳಿದಳು.

"ನಿಮ್ಮಪ್ಪ ಹನ್ನೊಂದು ದಿನ ಆಸ್ಪತ್ರೇಲಿ ಮಲಗಿದ್ದಾಗ ನೀನು ಅನ್ನ ಮುಟ್ಟಲಿಲ್ಲ. ನಾನು ನೋಡಿದೀನಲ್ಲ. ಈ ಆಪರೇಷನ್ ಆದ್ರೆ ಸಂಜೆಗೇ ಮನೆಗೆ ಅಂದ್ರು. ಬೆಳಿಗ್ಗೆ ಹೋಗಿ ಸಂಜೆ ಬಂದ್ಬಿಟ್ರೆ, ಕೆಲಸಕ್ಕೆ ಹೋಗಿ ಬಂದಂಗೆ ಇರತ್ತೆ, ನಿಂಗೆ ಗೊತ್ತೇ ಆಗಲ್ಲ ಅಂದ್ಕೊಂಡೆ."

"ಮೂಗಿನ ಮೇಲೆ ಬೆರಳಿಟ್ಕೊಳ್ಳೋ ಬುದ್ಧಿ ನಿಮ್ದು. ಹೇಳಿದ್ರೆ ಕೊನೇಪಕ್ಷ ಬಚ್ಚಲಾದ್ರೂ ಉಳೀತಿತ್ತು."

ಅವನು ನಕ್ಕ. ನಕ್ಕದ್ದಕ್ಕೆ ಹೊಟ್ಟೆ ಹಿಡಿದು ನರಳಿದ. ಗೋಡೆಯ ಗಡಿಯಾರದಲ್ಲಿ ಇಪ್ಪತ್ತು ನಿಮಿಷ ಕಳೆಯಿತು. ಆಗ ಕೊಳವೆಯೊಳಗೆ ದಾಳಿಂಬೆ ರಸದ ಬಣ್ಣದ ಒಂದು ಎಳೆ ಕಾಣಿಸಿತು, ಜಾರಿತು, ಚೀಲಕ್ಕೆ ತೊಟಕ್ಕೆಂದು ಬಿತ್ತು.

"ಬಂತು!" ಎಂದು ಅವಳು ಕೂಗಿದ ಕೂಗಿಗೆ ಹೊಲಿಗೆಯಾಕೆ ಓಡಿಬಂದಳು. ಏನು ಬಂತೆಂದು ಹೇಳಲು ಇವಳಿಗೆ ನಾಚಿಕೆಯಾಗಲಿಲ್ಲ. ಆಗಲೇ ಅವಳಿಗೆ ಅಳು ಬಂದದ್ದು. ಆರು ದಿನದ ಅಳುವನ್ನೆಲ್ಲ ಅಲ್ಲೇ ನೆಲದ ಮೇಲೆ ಕೂತು ಅತ್ತು ಮುಗಿಸಿದಳು.

ಗಡಿಬಿಡಿ ಊಟ ಮುಗಿಸಿ ಬಂದಾಗ ಯಜಮಾನ ಮಲಗಿದ್ದಲ್ಲಿಂದಲೇ ಹೇಳಿದ, "ಬಲಗಡೆ ಮೂಲೇಲಿ ತಗ್ಗಿದೆ ಕಣೋ. ಗುಳ್ಳೆ ಓಡತ್ತೆ. ನೀರು ನಿಲ್ಲತ್ತೆ."

ಗಡಿಬಿಡಿಯ ಮುಖ ಇಳಿಯಿತು. ಮಾತಾಡದೆ ಹೋಗಿ ಸುತ್ತಿಗೆ ತಂದು ನಿಂತ. ಮುಂದಿನ ಮಾತು ಏನೆಂದು ಅವನಿಗೆ ಇಪ್ಪತ್ತು ವರ್ಷದಿಂದ ಗೊತ್ತಿತ್ತು.

ಯಜಮಾನ ಹೆಂಡತಿಯ ಕಡೆ ತಿರುಗಿದ. "ಒಡೆಸ್ಲಾ? ನೀನೇ ಹೇಳು."

ಮೂವತ್ತೆಂಟು ವರ್ಷದಲ್ಲಿ ನೆಲದ ವಿಷಯಕ್ಕೆ ಅವನು ಅವಳನ್ನು ಕೇಳಿದ್ದು ಅದೇ ಮೊದಲು.

"ಇನ್ನೊಂದ್ಸಲ ಈ ಮನೇಲಿ ಯಾರಾದ್ರೂ ಸುತ್ತಿಗೆ ಎತ್ತಿದ್ರೆ ನಾನೇ ಮನೆ ಬಿಟ್ಟು ಹೋಗ್ತೀನಿ" ಎಂದಳು. "ನೀರು ನಿಂತ್ರೆ ಒರೆಸ್ಕೊಳ್ಳೋಣ."

ಗಡಿಬಿಡಿ ಸುತ್ತಿಗೆಯನ್ನು ತೊಳೆದು ಮೂಲೆಗಿಟ್ಟ.

ಹತ್ತನೆಯ ದಿನ ಕೊಳವೆ ತೆಗೆದರು. ಕಮೋಡು ಕೂತಿತ್ತು, ಹಿಡಿದು ಏಳಲು ಗೋಡೆಗೊಂದು ಗಟ್ಟಿ ಕಂಬಿಯೂ ಬಂದಿತ್ತು. ಆದರೆ ಕೆಮ್ಮಿದರೆ, ಸೀನಿದರೆ, ಕುರ್ಚಿಯಿಂದ ಎದ್ದರೆ ಅವನಿಗೆ ಒದ್ದೆಯಾಗುತ್ತಿತ್ತು. ಕೆಲವು ತಿಂಗಳು ಹೀಗೇ, ಆಮೇಲೆ ಸರಿಹೋಗುತ್ತದೆ ಎಂದಿದ್ದರು. ಸೊಸೆ ಅಂಗಡಿಯಿಂದ ಪ್ಯಾಡುಗಳ ಕಟ್ಟು ತಂದು ಯಾರಿಗೂ ಕಾಣದಂತೆ ಕಪಾಟಿನಲ್ಲಿಟ್ಟಳು. ಮೊದಮೊದಲು ಅವನು ಒದ್ದೆ ಪೈಜಾಮವನ್ನು ಮಂಚದ ಕೆಳಗೆ ತುರುಕಿ ಅವಿಸಿಡುತ್ತಿದ್ದ. ಅವಳು ಒಂದು ದಿನ ಎಲ್ಲವನ್ನೂ ಎಳೆದು ಪಡಸಾಲೆಯ ನಡುವೆ ಗುಡ್ಡೆ ಹಾಕಿದಳು.

"ಮತ್ತೆ ಮುಚ್ಚಿಡೋದಾ?" ಎಂದಳು.

ಅಂದು ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದಾಗ ಅವನು ಸೀನಿದ. ತಟ್ಟೆ ಸರಿಸಿ, ಮಗ ಸೊಸೆಯ ಎದುರಿಗೇ, "ಸೋರ್ತು. ಬದಲಾಯಿಸ್ಕೊಂಡ್ ಬರ್ತೀನಿ" ಎಂದು ಎದ್ದುಹೋದ. ಮಗ ತಲೆ ತಗ್ಗಿಸಿದ. ಅವಳು ಮಾತ್ರ ಗಂಡನ ತಟ್ಟೆಗೆ ಇನ್ನೊಂದು ಸೌಟು ಬಡಿಸಿ, ತಣ್ಣಗಾಗದಂತೆ ಮುಚ್ಚಿಟ್ಟಳು.

ಮೂರನೆಯ ವಾರ ತೆಗೆದ ಗ್ರಂಥಿಯ ಪರೀಕ್ಷೆಯ ವರದಿ ಬಂತು. ಮಗ ತಂದ ಲಕೋಟೆಯನ್ನು ಯಜಮಾನ ಒಡೆಯಲಿಲ್ಲ. ಮೇಜಿನ ಮೇಲಿಟ್ಟು, "ಎಲ್ರೂ ಕೂತ್ಕೊಳ್ಳಿ. ಓದಮ್ಮ, ಜೋರಾಗಿ" ಎಂದು ಸೊಸೆಗೆ ಹೇಳಿದ.

ಸೊಸೆ ಒಮ್ಮೆ ಮನಸ್ಸಿನಲ್ಲೇ ಓದಿಕೊಂಡಳು.

"ಬೇರೆ ಕಡೆಗೆ ಹರಡಿಲ್ಲ" ಎಂದಳು. "ಆದ್ರೆ... ಕತ್ತರಿಸಿದ ಅಂಚಿನಲ್ಲಿ, ಒಂದು ಕಡೆ, ಸ್ವಲ್ಪ ಕಾಣ್ತಂತೆ. ಒಳಗೆ ಉಳಿದಿದ್ರೂ ಉಳಿದಿರಬಹುದು, ಇಲ್ದೇನೂ ಇರಬಹುದು. ಆಗಾಗ ರಕ್ತ ಪರೀಕ್ಷೆ ಮಾಡಿಸ್ತಾ ನೋಡ್ತಿರ್ಬೇಕು."

"ಅಂದ್ರೆ ಮತ್ತೆ ಆಪರೇಷನ್ನಾ?" ಎಂದ ಮಗ.

"ಈಗ ಏನೂ ಇಲ್ಲ. ನೋಡ್ತಿರ್ಬೇಕು, ಅಷ್ಟೇ."

ಮುಗಿಯಿತು ಎಂದುಕೊಂಡಿದ್ದು ಮುಗಿದಿರಲಿಲ್ಲ. ಮನೆಯಾಕೆ ಎದ್ದಳು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಬಚ್ಚಲಿಗೆ ಹೋದಳು. ಆಗಷ್ಟೇ ಯಾರೋ ಕೈಕಾಲು ತೊಳೆದಿದ್ದರು. ಬಲಗಡೆಯ ಮೂಲೆಯಲ್ಲಿ ನೀರು ನಿಂತಿತ್ತು. ಅವಳು ಒರೆಸುವ ಬಟ್ಟೆ ಹಿಡಿದು ಮಂಡಿಯೂರಿದಳು. ಕೈ ಆಡಲಿಲ್ಲ.

ಹಿಂದೆ ಬಾಗಿಲಲ್ಲಿ ಅವನು ಚೌಕಟ್ಟು ಹಿಡಿದು ನಿಂತ.

"ನಿಂತಿದ್ಯಾ?" ಎಂದ.

"ನಿಂತಿದೆ."

"ಎಷ್ಟಿದೆ?"

"ಒಂದು ಅಂಗೈಯಷ್ಟು."

"ನಿಜ ಹೇಳೇ."

ಅವಳು ಮೂಗೊರೆಸಿಕೊಂಡು ಮತ್ತೊಮ್ಮೆ ನೋಡಿದಳು.

"ಎರಡು ಅಂಗೈ."

"ಸರಿ" ಎಂದ. "ಒರೆಸು. ನಾಳೆ ನಾನೂ ಬಂದು ನೋಡ್ತೀನಿ."